ಟಚ್ ಮೊಬೈಲು ಅಜ್ಜಿಯ ಕೈಗೆ ಬಂದಾಗ

ಅಡಿಕೆ ಸುಗ್ಗಿಯ ತಿಂಗಳುಗಳಲ್ಲಿ ಚನ್ನಗಿರಿ ಸೀಮೆಯ ಹೆಂಗಸರ ಬೆರಳುಗಳನ್ನು ನೋಡಬೇಕು. ಹಸಿ ಅಡಿಕೆಯ ರಸ ಹತ್ತಿ ಹತ್ತಿ ತುದಿಗಳು ಕಪ್ಪಗಾಗಿರುತ್ತವೆ, ಚರ್ಮ ದಡ್ಡುಗಟ್ಟಿ ಅಲ್ಲಲ್ಲಿ ಸೀಳಿರುತ್ತದೆ. ಸುಲಿಯುವ ಯಂತ್ರ ಬಂದ ಮೇಲೆ ಕೈಕೆಲಸ ಕಡಿಮೆಯಾಗಿದೆ ನಿಜ, ಆದರೆ ವರ್ಷಗಟ್ಟಲೆ ಕತ್ತಿಯ ಮುಂದೆ ಕೂತು ಸುಲಿದವರ ಕೈ ಮತ್ತೆ ಮೆತ್ತಗಾಗುವುದಿಲ್ಲ. ಅಂಥ ಕೈಗೆ ಬೆಂಗಳೂರಿನ ಮಗ ತಂದುಕೊಟ್ಟ ಟಚ್ ಮೊಬೈಲು ಬರುತ್ತದೆ. ಅಜ್ಜಿ ಒತ್ತುತ್ತಾಳೆ, ಅದು ಕೇಳುವುದಿಲ್ಲ. ಇನ್ನಷ್ಟು ಬಲ ಹಾಕಿ ಒತ್ತಿ ಹಿಡಿಯುತ್ತಾಳೆ, ಪರದೆಯ ಮೇಲಿನ ಚಿತ್ರಗಳು ಜಾಗ ಬಿಟ್ಟು ಸರಿದಾಡತೊಡಗುತ್ತವೆ. “ಹಂಗಲ್ಲ ಅಜ್ಜಿ, ಕೊಡಿಲ್ಲಿ” ಎಂದು ಮೊಮ್ಮಗ ಫೋನು ಕಸಿದುಕೊಳ್ಳುತ್ತಾನೆ. ಮೊದಲ ಪಾಠ ಅಲ್ಲಿಗೆ ಮುಗಿಯುತ್ತದೆ. ಎಷ್ಟೋ ಮನೆಗಳಲ್ಲಿ ಕೊನೆಯ ಪಾಠವೂ ಅದೇ.

ತಪ್ಪು ಅಜ್ಜಿಯದಲ್ಲ. ಈಗಿನ ಫೋನಿನ ಗಾಜಿನಡಿ ತೀರ ಸೂಕ್ಷ್ಮವಾದ ವಿದ್ಯುತ್ ಕ್ಷೇತ್ರ ಹರಡಿರುತ್ತದೆ. ಬೆರಳು ಆ ಕ್ಷೇತ್ರವನ್ನು ಕದಲಿಸಿದಾಗ ಮಾತ್ರ ಮುಟ್ಟಿದ್ದು ಫೋನಿಗೆ ಗೊತ್ತಾಗುತ್ತದೆ. ಎಷ್ಟು ಬಲವಾಗಿ ಒತ್ತಿದರು ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ. ಒಣಗಿ ದಪ್ಪವಾದ ಚರ್ಮದಿಂದ ವಿದ್ಯುತ್ತು ಸಲೀಸಾಗಿ ಹಾಯುವುದಿಲ್ಲ. ಸಾಲದ್ದಕ್ಕೆ ಅಂಗಡಿಯಲ್ಲಿ ಅಂಟಿಸಿಕೊಟ್ಟ ದಪ್ಪ ಗಾಜಿನ ಗಾರ್ಡ್ ಬೇರೆ. ಕೈ ತೊಳೆದು ಒರೆಸಿಕೊಂಡು, ಬೆರಳ ತುದಿಯ ಬದಲು ಅದರ ಮೆತ್ತನೆಯ ಒಳಭಾಗದಿಂದ ಹಗುರಾಗಿ ತಟ್ಟಿದರೆ ಬಹುಪಾಲು ಕೆಲಸ ಆಗುತ್ತದೆ. ಚಿತ್ರಗಳು ಸರಿದಾಡುವುದಕ್ಕೂ ಕಾರಣವಿದೆ: ಬೆರಳು ಅರೆಗಳಿಗೆ ಹೆಚ್ಚು ನಿಂತರೂ ಫೋನು ಅದನ್ನು ‘ಒತ್ತಿ ಹಿಡಿದರು’ ಎಂದೇ ತಿಳಿಯುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬಲ್ಲಿಗೆ ಹೋದರೆ ಈ ಅವಧಿಯನ್ನು ಉದ್ದ ಮಾಡಿಕೊಳ್ಳಬಹುದು. ಅಷ್ಟನ್ನೂ ಮಾಡಿಕೊಡದೆ “ನಮ್ಮಜ್ಜಿಗೆ ಇದು ಬರಲ್ಲ ಬಿಡಿ” ಎನ್ನುವುದು ಅನ್ಯಾಯ.

ಈ ಅನ್ಯಾಯ ಮನೆಯೊಳಗೇ ನಿಲ್ಲುವುದಿಲ್ಲ. 2020ರ ಮುಂಗಾರಿನಿಂದ ಕರ್ನಾಟಕದಲ್ಲಿ ರೈತರು ತಮ್ಮ ಹೊಲದ ಬೆಳೆಯ ಫೋಟೊವನ್ನು ತಾವೇ ತೆಗೆದು ಬೆಳೆ ಸಮೀಕ್ಷೆಯ ಆ್ಯಪ್‌ಗೆ ಹಾಕುವ ಪದ್ಧತಿ ಬಂತು. ಪಿಎಂ ಕಿಸಾನ್ ಹಣಕ್ಕೆ ಇ-ಕೆವೈಸಿ ಕಡ್ಡಾಯವಾಯಿತು. 2023ರಲ್ಲಿ ಅದನ್ನು ಫೋನಿಗೆ ಮುಖ ತೋರಿಸಿಯೇ ಮುಗಿಸುವ ಅನುಕೂಲವೂ ಬಂತು. ಗೃಹಲಕ್ಷ್ಮಿಯ ಎರಡು ಸಾವಿರ ಖಾತೆಗೆ ಬಿತ್ತೋ ಇಲ್ಲವೋ ಎಂದು ನೋಡಲು ‘ಡಿಬಿಟಿ ಕರ್ನಾಟಕ’ ಆ್ಯಪ್ ಇದೆ. ಹೀಗೆ ಹೊಲ, ಪಿಂಚಣಿ, ಸಹಾಯಧನ ಎಲ್ಲವೂ ಫೋನಿನೊಳಗೆ ಹೋಗಿ ಕೂತಿವೆ. ಆದರೆ 2017ರಲ್ಲಿ ಕೇಂದ್ರ ಸರ್ಕಾರ ಹಳ್ಳಿಗಳಿಗಾಗಿ ಶುರುಮಾಡಿದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಸೇರಿಸಿಕೊಂಡಿದ್ದು 14ರಿಂದ 60 ವರ್ಷದವರನ್ನು ಮಾತ್ರ. ಆರು ಕೋಟಿ ಮನೆಗಳಿಗೆ ತಲಾ ಒಬ್ಬರಂತೆ ಕಲಿಸುವುದು ಅದರ ಗುರಿ. 2024ರ ಮಾರ್ಚ್ 31ಕ್ಕೆ ಅದು ಮುಗಿಯುವ ಹೊತ್ತಿಗೆ ಸುಮಾರು 6.39 ಕೋಟಿ ಜನ ತರಬೇತಿ ಪಡೆದಿದ್ದರು. ಅಷ್ಟು ದೊಡ್ಡ ಲೆಕ್ಕದಲ್ಲಿ ಅರವತ್ತೊಂದರ ಅಜ್ಜನಿಗೆ ಜಾಗವಿರಲಿಲ್ಲ. ಯಾರಿಗೆ ಹೇಳಿಕೊಡುವುದು ಎಲ್ಲಕ್ಕಿಂತ ಅವಶ್ಯವಾಗಿತ್ತೋ ಅವರನ್ನೇ ಹೊಸ್ತಿಲಾಚೆ ನಿಲ್ಲಿಸಿ ಬಾಗಿಲು ಹಾಕಿದಂತಾಯಿತು. ಹೀಗಾಗಿ ಇವರಿಗೆ ಕಲಿಸುವ ಹೊಣೆ ಪೂರಾ ಮನೆಯವರ ಮೇಲೆ, ಓಣಿಯವರ ಮೇಲೆ ಬಿದ್ದಿದೆ.

ಎಲ್ಲಿಂದ ಶುರುಮಾಡಬೇಕು? ಫೋನಿನಲ್ಲಿ ಏನೇನಿದೆ ಎಂದು ತೋರಿಸುವುದರಿಂದ ಖಂಡಿತ ಅಲ್ಲ. ಎದುರಿಗೆ ಕೂತ ಹಿರಿಯರಿಗೆ ಏನು ಬೇಕಾಗಿದೆ ಎಂದು ಮೊದಲು ಕೇಳಬೇಕು. ಅದು ಊರಿಂದೂರಿಗೆ ಬೇರೆ, ಒಂದೇ ಜಿಲ್ಲೆಯೊಳಗೂ ಬೇರೆ. ದಾವಣಗೆರೆ ಜಿಲ್ಲೆ 1997ರ ಆಗಸ್ಟ್ 15ರಂದು ಹುಟ್ಟಿದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಬಿಟ್ಟು ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು; ಹೊನ್ನಾಳಿಯ ಜೊತೆಗಿದ್ದ ನ್ಯಾಮತಿ ಆಮೇಲೆ ತಾನೇ ತಾಲ್ಲೂಕಾಯಿತು. ಒಂದು ಕಡೆ ಮಲೆನಾಡಿನ ಅಂಚಿನ ತೋಟ, ಇನ್ನೊಂದು ಕಡೆ ಮಳೆಗೆ ಕಾಯುವ ಬಯಲು.

ಚನ್ನಗಿರಿಯ ತೋಟದ ಯಜಮಾನರನ್ನು ಕೇಳಿದರೆ ಅವರಿಗೆ ಬೇಕಾಗಿರುವುದು ಅಡಿಕೆ ಧಾರಣೆ. ರಾಶಿ ಅಡಿಕೆ ಇವತ್ತು ಕ್ವಿಂಟಾಲಿಗೆ ಎಷ್ಟಾಯಿತು, ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ತುಮ್ಕೋಸ್‌ನಲ್ಲಿ ಹೇಗಿದೆ, ಶಿವಮೊಗ್ಗದಲ್ಲಿ ಹೇಗಿದೆ. ಮೊದಲೆಲ್ಲ ಇದಕ್ಕೆ ಪರಿಚಯದವರಿಗೆ ಫೋನು ಹಚ್ಚಬೇಕಿತ್ತು, ಇಲ್ಲವೇ ಮರುದಿನದ ಪೇಪರಿಗೆ ಕಾಯಬೇಕಿತ್ತು. ಈಗ ಧಾರಣೆ ವಾಟ್ಸಾಪ್‌ನಲ್ಲಿ ಸಂಜೆಯೇ ಬಂದು ಬೀಳುತ್ತದೆ. ಅವರಿಗೆ ಮೊದಲ ದಿನ ಕಲಿಸಬೇಕಾದದ್ದು ಅಷ್ಟೇ: ಹಸಿರು ಚಿತ್ರ ತಟ್ಟು, ಗುಂಪಿನ ಹೆಸರು ತಟ್ಟು, ಓದು, ಹಿಂದಕ್ಕೆ ಬಾ. ದಿನಾ ಸಂಜೆ ತನ್ನದೇ ಹಣದ ವಿಷಯಕ್ಕೆ ಅದೇ ದಾರಿಯಲ್ಲಿ ಹೋಗಿ ಬರುವವರಿಗೆ ವಾರ ಕಳೆಯುವುದರೊಳಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೊನ್ನಾಳಿಯಲ್ಲಿ ಚಿಂತೆ ನದಿಯದು. ಮಳೆಗಾಲದಲ್ಲಿ ಗಾಜನೂರಿನ ತುಂಗಾ ಅಣೆಕಟ್ಟೆಯ ಗೇಟು ಎತ್ತಿದರೆ ತುಂಗಭದ್ರೆಯ ದಡದ ಓಣಿಗಳಿಗೆ ಆ ಸುದ್ದಿ ಬೇಗ ತಲುಪಬೇಕು. ಸರ್ಕಾರದ ವಿಪತ್ತು ಸೂಚನೆಗಳು ಈಗ ಫೋನಿಗೇ ಬರುತ್ತವೆ. 2023ರಲ್ಲಿ ಪರೀಕ್ಷೆಗೆಂದು ಕಳಿಸಿದ ಸೂಚನೆಗೆ ಕಿಸೆಯೊಳಗಿನ ಫೋನುಗಳೆಲ್ಲ ಒಮ್ಮೆಲೇ ಕೂಗಿಕೊಂಡು ಎಷ್ಟೋ ಜನ ಬೆಚ್ಚಿಬಿದ್ದಿದ್ದರು. ಆ ಕೂಗು ಕೇಳಿಸಿದರೆ ಫೋನು ಕೆಟ್ಟಿತೆಂದು ಆಫ್ ಮಾಡಬೇಡಿ, ಬರೆದದ್ದನ್ನು ಓದಿ ಅಥವಾ ಓದಿಸಿ ಎಂದು ಹಿರಿಯರಿಗೆ ಮೊದಲೇ ಹೇಳಿಟ್ಟಿರಬೇಕು.

ಜಗಳೂರಿನ ಕುರಿಗಾಹಿಗೆ ಮುಗಿಲಿನ ಚಿಂತೆ. ಕೊಂಡುಕುರಿಗೆ ಹೆಸರಾದ ರಂಗಯ್ಯನದುರ್ಗದ ಆಸುಪಾಸಿನ ಬಯಲಲ್ಲಿ ಮಂದೆ ಮೇಯಿಸುವವರಿಗೆ ಮುಂಗಾರುಪೂರ್ವದ ಸಿಡಿಲಿಗಿಂತ ದೊಡ್ಡ ಅಪಾಯವಿಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿದ ‘ದಾಮಿನಿ’ ಆ್ಯಪ್ ತಾನಿರುವ ಜಾಗದಿಂದ 20ರಿಂದ 40 ಕಿಲೋಮೀಟರ್ ವ್ಯಾಪ್ತಿಯಲ್ಲಿ ಸಿಡಿಲು ಬಡಿಯುತ್ತಿದ್ದರೆ ಎಚ್ಚರಿಸುತ್ತದೆ. ಅದು ಕೆಲಸ ಮಾಡಬೇಕಾದರೆ ಲೊಕೇಶನ್ ಆನ್ ಇರಬೇಕು, ನೆಟ್ ಇರಬೇಕು. ಎರಡೂ ಎಲ್ಲ ಬಯಲಿನಲ್ಲೂ ಸಿಗುವುದಿಲ್ಲ. ಮೋಡ ಕಪ್ಪಿಟ್ಟಾಗ ಮರದಡಿ ನಿಲ್ಲಬಾರದೆಂಬ ಹಳೆಯ ತಿಳಿವಳಿಕೆಯನ್ನು ಆ್ಯಪ್ ಬಂತೆಂದು ಕೈಬಿಡುವಂತಿಲ್ಲ.

ನ್ಯಾಮತಿಯ ಸಂಗತಿ ಎಲ್ಲಕ್ಕಿಂತ ಮನಸ್ಸು ತುಂಬುವಂಥದ್ದು. ಇದೇ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರವರಿಯ ಜಯಂತಿಗೆ ಬಂಜಾರ ಭಕ್ತರು ರಾಜ್ಯಗಳಾಚೆಯಿಂದಲೂ ಬರುತ್ತಾರೆ. ಸುತ್ತಮುತ್ತಲ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಆ ಭಾಷೆಗೆ ತನ್ನದೇ ಲಿಪಿಯಿಲ್ಲ. ದುಡಿಯಲು ದೂರದೂರಿಗೆ ಹೋದ ಮಗನಿಗೆ ಕಾಗದ ಬರೆಸಬೇಕಾದರೆ ತಾಯಿಯ ಮಾತು ಇನ್ನೊಬ್ಬರ ಕನ್ನಡವಾಗಿ ಹೋಗಬೇಕಿತ್ತು. ವಾಟ್ಸಾಪ್‌ನ ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡಿ ಬೆರಳೆತ್ತಿದರೆ ಆಯಿತು, ಆಕೆಯ ಮಾತು ಆಕೆಯ ದನಿಯಲ್ಲೇ ಹೋಗಿ ಮುಟ್ಟುತ್ತದೆ. ಓದು ಬರಹ ಗೊತ್ತಿಲ್ಲದವರಿಗೆ ಸ್ಮಾರ್ಟ್‌ಫೋನ್ ಯಾಕೆ ಎಂದು ಕೇಳುವವರು ಈ ಒಂದು ಗುಂಡಿಯನ್ನು ಮರೆತಿರುತ್ತಾರೆ. ಅಕ್ಷರ ಬಾರದವರಿಗೆ ಕೀಪ್ಯಾಡ್ ಸೆಟ್ಟಿಗಿಂತ ಟಚ್ ಮೊಬೈಲೇ ಸುಲಭ. ಅಲ್ಲಿ ಮಕ್ಕಳ ಹೆಸರಿನ ಜಾಗದಲ್ಲಿ ಅವರ ಮುಖವನ್ನೇ ಇಡಬಹುದು, ಮುಖ ತಟ್ಟಿದರೆ ಕರೆ ಹೋಗುವಂತೆ ಮೊದಲ ಪರದೆಯ ಮೇಲೆ ಕೂರಿಸಬಹುದು.

ಇಷ್ಟು ಗೊತ್ತುಮಾಡಿಕೊಂಡ ಮೇಲೆ, ಹಿರಿಯರ ಕೈಗೆ ಕೊಡುವ ಮುಂಚೆ ಫೋನನ್ನು ಅವರಿಗೆ ಹೊಂದಿಸಬೇಕು. ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ, ಅಕ್ಷರ ದೊಡ್ಡದು ಮಾಡಿ, ರಿಂಗಿನ ಸದ್ದು ಏರಿಸಿ. ಯಾರೂ ಮುಟ್ಟದ ಆಟಗಳನ್ನೂ ಜಾಹೀರಾತು ಸುರಿಸುವ ಆ್ಯಪ್‌ಗಳನ್ನೂ ತೆಗೆದುಹಾಕಿ, ಮೊದಲ ಪರದೆಯಲ್ಲಿ ನಾಲ್ಕೈದು ಚಿತ್ರ ಮಾತ್ರ ಉಳಿಸಿ. ಸ್ಯಾಮ್ಸಂಗ್‌ನಂಥ ಕೆಲವು ಕಂಪನಿಗಳ ಫೋನಿನಲ್ಲಿ ‘ಈಸಿ ಮೋಡ್’ ಎಂದೇ ಒಂದಿದೆ, ಅದನ್ನು ಆನ್ ಮಾಡಿದರೆ ಎಲ್ಲ ದೊಡ್ಡದಾಗಿ ಕಾಣುತ್ತದೆ. ಬಹಳ ಜನ ಗಮನಿಸದ ಇನ್ನೊಂದು ಸಂಗತಿ ಕೆಳಗಿನ ಮೂರು ಗುಂಡಿಗಳದು. ಹೊಸ ಫೋನುಗಳು ಪರದೆಯ ಅಂಚಿನಿಂದ ಬೆರಳು ಜಾರಿಸಿ ಹಿಂದಕ್ಕೆ ಬರುವ ಪದ್ಧತಿಯಲ್ಲಿ ಬರುತ್ತವೆ. ಹುಡುಗರಿಗೆ ಅದು ಚೆಂದ. ನಡುಗುವ ಕೈಗೆ ಕಣ್ಣಿಗೆ ಕಾಣುವ ಗುಂಡಿ ಬೇಕು. ಸೆಟ್ಟಿಂಗ್ಸ್‌ನಲ್ಲಿ ನ್ಯಾವಿಗೇಶನ್ ಎಂದು ಹುಡುಕಿ ಮೂರು ಗುಂಡಿಗಳನ್ನು ವಾಪಸು ತಂದುಕೊಟ್ಟರೆ, ಎಲ್ಲಿ ಕಳೆದುಹೋದರೂ ನಡುವಿನ ಗುಂಡಿ ತಟ್ಟಿದರೆ ಮನೆಗೆ ಬರಬಹುದೆಂಬ ಧೈರ್ಯ ಹಿರಿಯರಿಗೆ ಹುಟ್ಟುತ್ತದೆ. ಆ ಧೈರ್ಯ ಬಂದವರು ಮುಂದಿನದನ್ನು ತಾವೇ ತಡವಿ ಕಲಿಯುತ್ತಾರೆ.

ಕರೆ ಎತ್ತುವುದನ್ನು ಹಗುರಾಗಿ ಕಾಣಬಾರದು. ಹಳೆಯ ಸೆಟ್ಟಿನಲ್ಲಿ ಹಸಿರು ಗುಂಡಿ ಒತ್ತಿದರೆ ಮುಗಿಯಿತು. ಇಲ್ಲಿ ಹಸಿರು ಗುರುತನ್ನು ಮೇಲಕ್ಕೋ ಪಕ್ಕಕ್ಕೋ ಜಾರಿಸಬೇಕು, ಅದೂ ರಿಂಗು ನಿಲ್ಲುವುದರೊಳಗೆ. ಗಡಿಬಿಡಿಯಲ್ಲಿ ಕರೆ ಕತ್ತರಿಸಿಹೋಗುತ್ತದೆ, ಆ ಕಡೆ ಮಗಳು ಗಾಬರಿಯಾಗುತ್ತಾಳೆ. ಒಂದೇ ಮನೆಯಲ್ಲಿ ಕೂತು ಮೇಲಿಂದ ಮೇಲೆ ಫೋನು ಹಚ್ಚಿ ಎತ್ತಿಸುವುದೇ ಇದಕ್ಕೆ ಉಪಾಯ. ಒಂದೇ ಸಲ ತಟ್ಟಿ ಎತ್ತುವ ಅನುಕೂಲವೂ ಕೆಲವು ಫೋನುಗಳಲ್ಲಿ ಸಿಗುತ್ತದೆ. “ಯಾರ ಫೋನೂ ಬರ್ತಿಲ್ಲಪ್ಪ” ಎಂದು ಹಿರಿಯರು ಹೇಳಿದರೆ ರಿಪೇರಿ ಅಂಗಡಿಗೆ ಓಡುವ ಮುಂಚೆ ವಿಮಾನದ ಗುರುತು ಆನ್ ಆಗಿದೆಯೇ ನೋಡಿ. ಕೈತಾಗಿ ಅದು ಆನ್ ಆಗಿ, ಕರೆಯೂ ಇಲ್ಲ ನೆಟ್ಟೂ ಇಲ್ಲ ಎಂದು ಕೂತವರುಂಟು.

ಕಲಿಸುವವರು ಇಡೀ ಹೊತ್ತು ತಮ್ಮ ಎರಡೂ ಕೈಗಳನ್ನು ಕಟ್ಟಿಕೊಂಡು ಕೂರಬೇಕು. ಬಾಯಲ್ಲಿ ಹೇಳಬೇಕು, ಬೆರಳು ಹಿರಿಯರದೇ ಆಗಿರಬೇಕು. ಹೇಳಿದ್ದನ್ನು ಅವರು ತಮ್ಮದೇ ಮಾತಿನಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಇನ್ನೂ ಒಳ್ಳೆಯದು. ನಿವೃತ್ತ ಮೇಷ್ಟ್ರುಗಳಿಗೆ ಇದು ಬಹಳ ಹಿಡಿಸುತ್ತದೆ. ‘ಹಸಿರು ತಟ್ಟು, ಮಗಳ ಹೆಸರು ತಟ್ಟು, ಮೇಲೆ ಬಲಕ್ಕೆ ಕ್ಯಾಮೆರಾದಂಥ ಗುರುತು’ ಎಂದು ದುಂಡಗೆ ಬರೆದುಕೊಂಡ ಅವರ ಪುಟ ಯಾವ ಕೈಪಿಡಿಗಿಂತಲೂ ಸ್ಪಷ್ಟ.

ಇಂಗ್ಲಿಷ್ ಕೀಲಿಮಣೆ ಕಂಡು ಹಿಂಜರಿಯುವವರಿಗೂ ದಾರಿಗಳಿವೆ. 2017ರಲ್ಲೇ ಗೂಗಲ್ ಕನ್ನಡದಲ್ಲಿ ಮಾತಾಡಿ ಬರೆಸುವ ಅನುಕೂಲ ತಂದಿತು. ಅದರದೇ ಕೀಲಿಮಣೆ ಆ್ಯಪ್ ಜಿಬೋರ್ಡ್‌ನಲ್ಲಿ ಬೆರಳಿನಿಂದಲೇ ಕನ್ನಡ ಅಕ್ಷರ ತೀಡುವ ಹಲಗೆಯೂ ಇದೆ. ತೀಡಿದ ‘ಕ’ ಅಚ್ಚಿನ ‘ಕ’ ಆಗಿ ಮೂಡುವುದನ್ನು ಹಳೆಯ ತಲೆಮಾರಿನವರು ಒಮ್ಮೆ ನೋಡಬೇಕು. ಯುಟ್ಯೂಬ್‌ನಲ್ಲಿ ಮೈಕು ತಟ್ಟಿ “ಅಡಿಕೆ ಕೊಳೆ ರೋಗಕ್ಕೆ ಏನು ಮಾಡಬೇಕು” ಎಂದು ಕನ್ನಡದಲ್ಲೇ ಕೇಳಬಹುದು ಎಂದು ಗೊತ್ತಾದ ಮೇಲೆ ಅವರ ಪ್ರಶ್ನೆಗಳಿಗೆ ಕೊನೆಯಿರುವುದಿಲ್ಲ.

ಹಣದ ಪಾಠ ಕೊನೆಗೆ ಬರಬೇಕು. ಅವಸರ ಬೇಡವೇ ಬೇಡ. ಯುಪಿಐ 2016ರಲ್ಲಿ ಬಂದ ಮೇಲೆ ಚಹಾದ ಗೂಡಂಗಡಿಯಲ್ಲೂ ಕ್ಯೂಆರ್ ಹಾಳೆ ಅಂಟಿದೆ. ತಾನೂ ಫೋನ್‌ಪೇ ಮಾಡಬೇಕೆಂಬ ಆಸೆ ಅಜ್ಜನಿಗೂ ಸಹಜ. ಅದಕ್ಕೆ ಮೊದಲು ಒಂದು ಮಾತು ಬಾಯಿಪಾಠವಾಗಬೇಕು: ಪಿನ್ ಹಾಕುವುದು ಹಣ ಕೊಡುವುದಕ್ಕೆ ಅಥವಾ ಬ್ಯಾಲೆನ್ಸ್ ನೋಡುವುದಕ್ಕೆ, ಹಣ ಪಡೆಯುವುದಕ್ಕೆ ಪಿನ್ ಬೇಕಾಗಿಯೇ ಇಲ್ಲ. “ನಿಮಗೆ ಹಣ ಬಂದಿದೆ, ಪಿನ್ ಒತ್ತಿ” ಎಂದವನು ಕಳ್ಳ. ದುಡಿಮೆಯ ಹಣವೆಲ್ಲ ಇರುವ ಖಾತೆಯನ್ನು ಫೋನಿಗೆ ಜೋಡಿಸುವ ಬದಲು, ಕೈಖರ್ಚಿಗಾಗುವಷ್ಟು ಹಣವಿರುವ ಬೇರೆ ಖಾತೆ ಜೋಡಿಸುವುದು ಲೇಸು. 2024ರಲ್ಲಿ ಬಂದ ‘ಯುಪಿಐ ಸರ್ಕಲ್’ ಇನ್ನೂ ಅನುಕೂಲ. ಮಗನ ಖಾತೆಯಿಂದಲೇ ತಾಯಿ ತನ್ನ ಫೋನಿನಲ್ಲಿ ಪಾವತಿ ಮಾಡಬಹುದು. ಒಂದು ಸಲಕ್ಕೆ 5,000, ತಿಂಗಳಿಗೆ 15,000 ರೂಪಾಯಿಯ ಮಿತಿ, ಅದರೊಳಗೆ ಮಗ ಎಷ್ಟು ಇಟ್ಟರೆ ಅಷ್ಟು. ಮೋಸ ಹೋದರೂ ಹೋಗುವುದು ಅಷ್ಟರೊಳಗೇ.

ಕಳ್ಳರು ಬರುವ ದಾರಿಗಳನ್ನು ಹೆದರಿಸದೆ, ಆದರೆ ಬಿಡಿಬಿಡಿಯಾಗಿ ತಿಳಿಸಬೇಕು. ಮದುವೆ ಕರೆಯೋಲೆ ಎಂದೋ ಪಿಎಂ ಕಿಸಾನ್ ಪಟ್ಟಿ ಎಂದೋ ವಾಟ್ಸಾಪ್‌ನಲ್ಲಿ ಬರುವ ಕಡತದ ಹೆಸರು ‘ಎಪಿಕೆ’ ಎಂದು ಕೊನೆಗೊಂಡಿದ್ದರೆ ಮುಟ್ಟಬಾರದು. ಅದು ಕರೆಯೋಲೆಯಲ್ಲ, ಫೋನಿನೊಳಗೆ ಸೇರಿ ಒಟಿಪಿ ಕದಿಯಬಲ್ಲ ಆ್ಯಪ್. ಪರಿಚಯದವರ ನಂಬರಿನಿಂದ ಬಂದರೂ ಸರಿ. ಅವರ ಫೋನು ಆಗಲೇ ಕಳ್ಳರ ಕೈಯಲ್ಲಿರಬಹುದು. ಪೊಲೀಸ್ ವೇಷದಲ್ಲಿ ವಿಡಿಯೊ ಕರೆ ಮಾಡಿ “ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ” ಎನ್ನುವವರ ಬಗ್ಗೆ ಪ್ರಧಾನಿಯೇ 2024ರ ಅಕ್ಟೋಬರ್ 27ರ ರೇಡಿಯೊ ಭಾಷಣದಲ್ಲಿ ಎಚ್ಚರಿಸಿದ್ದರು. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಹಣ ಹೋಗಿದ್ದೇ ಆದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ತಡಮಾಡದೆ. ಹಣ ಖಾತೆಯಿಂದ ಖಾತೆಗೆ ದಾಟಿಹೋಗುವ ಮುಂಚೆ ತಡೆಯಲು ಬ್ಯಾಂಕುಗಳಿಗೆ ಸಿಗುವ ಹೊತ್ತು ಬಹಳ ಕಡಿಮೆ. ಇಲ್ಲೇ ಮನೆಯವರ ನಡತೆ ಮುಖ್ಯವಾಗುವುದು. ಬೈಗುಳಕ್ಕೆ ಹೆದರಿ ಹಿರಿಯರು ವಿಷಯ ಮುಚ್ಚಿಟ್ಟರೆ ಆ ಹೊತ್ತೂ ಕಳೆದುಹೋಗುತ್ತದೆ. “ಏನೇ ಆದರೂ ಮೊದಲು ನನಗೆ ಹೇಳಿ, ನಾನು ಬೈಯಲ್ಲ” ಎಂದು ಮಗನೋ ಸೊಸೆಯೋ ಮೊದಲೇ ಮಾತು ಕೊಟ್ಟಿರಬೇಕು, ಕೊಟ್ಟ ಮಾತಿನಂತೆ ನಡೆಯಲೂ ಬೇಕು.

ಸಣ್ಣವೆಂದು ಕಾಣುವ ಒಂದೆರಡು ವಿಷಯಗಳೂ ಉಂಟು. ದಿನಾ ಬರುವ ಶುಭೋದಯದ ಹೂವು ದೇವರ ಚಿತ್ರಗಳಿಂದ ಫೋನು ತುಂಬಿ ನಿಧಾನವಾಗುತ್ತದೆ. ವಾಟ್ಸಾಪ್‌ನಲ್ಲಿ ತಾನಾಗಿಯೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿಡಿ. ಮಾತಿಗಷ್ಟೇ ಫೋನು ಬೇಕಾದವರು ನೆಟ್ ಪ್ಯಾಕಿಗೂ ಸೇರಿಸಿ ಕರೆನ್ಸಿ ಹಾಕಿಸಬೇಕಾಗಿಲ್ಲ. ಕರೆ ಮತ್ತು ಮೆಸೇಜಿಗೆ ಮಾತ್ರ ಸೀಮಿತವಾದ ಪ್ಯಾಕುಗಳನ್ನು ಕಂಪನಿಗಳು ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ, ಅಂಗಡಿಯಲ್ಲಿ ಕೇಳಿ ಹಾಕಿಸಿಕೊಳ್ಳಬಹುದು. ಸ್ಟಾರ್ ಹ್ಯಾಷ್ 06 ಹ್ಯಾಷ್ ಒತ್ತಿದರೆ ಪರದೆಯ ಮೇಲೆ ಬರುವ ಹದಿನೈದು ಅಂಕಿಯ ಐಎಂಇಐ ನಂಬರನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬಸ್ಸಿನಲ್ಲೋ ಸಂತೆಯಲ್ಲೋ ಫೋನು ಕಳೆದರೆ ಪೊಲೀಸ್ ದೂರಿನ ಜೊತೆ ಆ ನಂಬರು ಕೊಟ್ಟು, 2023ರಿಂದ ದೇಶಕ್ಕೆಲ್ಲ ತೆರೆದಿರುವ ಸಂಚಾರ ಸಾಥಿ ವ್ಯವಸ್ಥೆಯಲ್ಲಿ ಫೋನನ್ನು ಬ್ಲಾಕ್ ಮಾಡಿಸಬಹುದು.

ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾದವರಿಗೂ ಇಪಿಎಫ್ ಪಿಂಚಣಿದಾರರಿಗೂ ಈ ಫೋನಿನಿಂದ ಆಗುವ ಇನ್ನೊಂದು ಉಪಕಾರ ಜೀವನ ಪ್ರಮಾಣಪತ್ರ. ತಾವು ಬದುಕಿದ್ದೇವೆಂದು ತೋರಿಸಲು ನವೆಂಬರಿನಲ್ಲಿ ಬ್ಯಾಂಕಿನ ಸಾಲಿನಲ್ಲಿ ನಿಲ್ಲುತ್ತಿದ್ದವರು ಈಗ ಮನೆಯಲ್ಲೇ ಕೂತು ಫೋನಿಗೆ ಮುಖ ತೋರಿಸಿ ಅದನ್ನು ಮುಗಿಸಬಹುದಾಗಿದೆ. ಬೆರಳಚ್ಚು ಸವೆದುಹೋಗಿ ಯಂತ್ರದ ಮೇಲೆ ಮತ್ತೆ ಮತ್ತೆ ಬೆರಳು ಉಜ್ಜಿ ಸೋತವರಿಗೆ ಇದೆಷ್ಟು ದೊಡ್ಡ ಬಿಡುಗಡೆ ಎಂದು ಅವರ ಬಾಯಿಂದಲೇ ಕೇಳಬೇಕು.

ಮಕ್ಕಳೆಲ್ಲ ದೂರದಲ್ಲಿರುವ ಮನೆಗಳಲ್ಲಿ ಇದನ್ನೆಲ್ಲ ಹೇಳಿಕೊಡುವವರು ಯಾರು? ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅನೇಕ ಕಡೆ ಕಂಪ್ಯೂಟರು, ಇಂಟರ್ನೆಟ್ಟು ಬಂದಿವೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬಂದು ಕೂರುತ್ತಾರೆ. ವಾರಕ್ಕೊಂದು ಸಂಜೆ, ಅರ್ಧ ತಾಸು, ಅದೇ ಹುಡುಗರು ಊರಿನ ಹಿರಿಯರ ಪಕ್ಕದಲ್ಲಿ ಬೆಂಚಿನ ಮೇಲೆ ಕೂತರೆ ಸಾಕು. ಹೊಸ ಯೋಜನೆ ಬೇಡ, ಹೊಸ ಕಟ್ಟಡ ಬೇಡ. ಪಂಚಾಯಿತಿಯ ಮುಂದಿನ ಸಭೆಯಲ್ಲಿ ಯಾರಾದರೂ ಒಬ್ಬರು ಎದ್ದುನಿಂತು ಕೇಳಬೇಕು, ಗ್ರಂಥಪಾಲಕರಿಂದ ವಾರದ ಒಂದು ದಿನ, ಒಂದು ಹೊತ್ತು ಗೊತ್ತುಮಾಡಿಸಿಕೊಂಡು ಬರಬೇಕು. ಬರುವಾಗ ಹಿರಿಯರು ತಮ್ಮ ಫೋನು, ಅದರ ಚಾರ್ಜರು, ಓದುವ ಕನ್ನಡಕ ಮೂರನ್ನೂ ಮರೆಯದೆ ತರಲಿ.